ಏಸೋಬು ಕೈತೋರಿಸಿದ ದಿಬ್ಬ

ನವೆಂಬರ್ ಎರಡನೆಯ ತಾರೀಖಿನ ಬೆಳಿಗ್ಗೆ ರಾಯದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಏಸೋಬು ತನ್ನ ಅತ್ತೆಯ ಬಸ್ಸು ಎಲ್ಲಾದರೂ ಕೆಟ್ಟು ನಿಲ್ಲಲಿ ಎಂದು ದೇವರನ್ನು ಬೇಡಿಕೊಳ್ಳುತ್ತಿದ್ದ. ಬೇಡಿಕೊಂಡ ಮರುಕ್ಷಣವೇ ಹೆದರಿಕೆಯಾಗಿ ತಿದ್ದಿಕೊಂಡ. ಯಾರಿಗೂ ಪೆಟ್ಟಾಗುವುದು ಬೇಡ, ಟೈರು ಪಂಚರಾದರೆ ಸಾಕು. ಅದೂ ನಡುಬಯಲಲ್ಲಿ ಬೇಡ, ಕಲ್ಯಾಣದುರ್ಗದಂಥ ಊರಲ್ಲಿ ಆಗಲಿ, ಹೋಟೆಲಿನ ಎದುರಿಗೇ ಆಗಲಿ, ಮುದುಕಿಗೆ ಟೀಯೂ ಬನ್ನೂ ಸಿಗುವ ಹಾಗೆ. ಪಂಚರು ಹಾಕುವವನು ಮಾತ್ರ ಸಂಜೆಯ ತನಕ ಸಿಗದಿರಲಿ. ಹೀಗೆ ಪ್ಯಾಂಟಿಗೆ ಅಳತೆ ಕೊಟ್ಟಂತೆ ತನ್ನ ಬೇಡಿಕೆಯನ್ನು ದೇವರಿಗೆ ಬಿಡಿಸಿ ಹೇಳುತ್ತಿರುವಾಗಲೇ ಬಸ್ಸು ಎಂದಿಗಿಂತ ಹತ್ತು ನಿಮಿಷ ಮುಂಚೆ ಬಂದು ಅವನೆದುರಿಗೇ ನಿಂತಿತು. ಮೊದಲು ಇಳಿದದ್ದು ಅತ್ತೆಯಲ್ಲ. ಕೆಂಪು ಬಣ್ಣದ, ಮೂರು ಗಾಲಿಯ, ಹ್ಯಾಂಡಲ್ಲಿಗೆ ಹಳದಿ ಕುಚ್ಚು ಕಟ್ಟಿದ ಮಕ್ಕಳ ಸೈಕಲ್ಲು. ಅದರ ಹಿಂದೆ ಸೇವಂತಿಗೆಯ ಬುಟ್ಟಿ. ಬುಟ್ಟಿಯ ಹಿಂದೆ ಸುವಾರ್ತಮ್ಮ.

“ಇಡ್ಕ ಏಸೋಬಪ್ಪ. ಮೂರು ವರ್ಷ ತುಂಬ್ತಲ್ಲ, ಇನ್ನೂ ಗಿಲಕಿ ತಂದ್ರೆ ನಗ್ತಾನೆ ನನ್ನ ನೋಡಿ.”

“ಅತ್ತೀ, ಸೈಕಲ್ ಯಾಕ ತಂದ್ರಿ?”

“ಮತ್ತೇನ್ ತರಬೇಕಿತ್ತು? ಅಂಗನವಾಡಿಗೆ ನಡ್ಕೊಂಡೋಗ್ತಾನಾ? ಆ ಕಂಡಕ್ಟರು ಇದಕ್ಕೆ ಲಗೇಜ್ ಹಾಕ್ತೀನಿ ಅಂತ ಕೂತಿದ್ದ. ಹೆಂಗಸ್ರಿಗೆ ಬಸ್ಸು ಫ್ರೀ ಅಂದ್ಮೇಲೆ ಹೆಂಗಸ್ರ ಸಾಮಾನಿಗೂ ಫ್ರೀ ಅಲ್ವೇನಪ್ಪ ಅಂತ ಆಧಾರ್ ಕಾರ್ಡು ಅವನ ಮೂತಿಗೆ ಹಿಡಿದೆ. ಸುಮ್ನಾದ.”

ಏಸೋಬುವಿನ ಮಗ ಸಮುವೇಲು ಈ ಲೋಕದಲ್ಲಿ ಇದ್ದದ್ದು ಒಂಬತ್ತು ದಿನ. ಆ ಲೆಕ್ಕ ಸುವಾರ್ತಮ್ಮನಿಗೆ ಗೊತ್ತಿಲ್ಲದೇ ಇಲ್ಲ. ಆದರೆ ಮೊಮ್ಮಗನ ವಯಸ್ಸನ್ನು ಅವಳು ಅಲ್ಲಿಗೆ ನಿಲ್ಲಿಸಿರಲಿಲ್ಲ. ಸತ್ತವರ ಗೋರಿಗೆ ಸುಣ್ಣ ಬಳಿದು ಹೂವಿಡುವ ಸಮಾಧಿ ಹಬ್ಬಕ್ಕೆ ಪ್ರತಿ ವರ್ಷ ಮಡಕಶಿರಾದಿಂದ ಬರುವಾಗ ಆ ವರ್ಷಕ್ಕೆ ತಕ್ಕ ಆಟದ ಸಾಮಾನು ತಂದು ಅವನನ್ನು ಮಣ್ಣು ಮಾಡಿದ ದಿಬ್ಬದ ಮೇಲೆ ಇಡುತ್ತಿದ್ದಳು. ಮೊದಲ ಸಲ ಗಿಲಕಿ, ಆಮೇಲೆ ಕೀ ಕೊಟ್ಟರೆ ನಡೆಯುವ ಬಾತುಕೋಳಿ, ಹೋದ ವರ್ಷ ಒಂದರೊಳಗೊಂದು ಕೂರುವ ಬಣ್ಣದ ಬಟ್ಟಲುಗಳು. ಮರುವರ್ಷ ಬಂದಾಗ ಅವು ದಿಬ್ಬದ ಮೇಲೆ ಇರುತ್ತಿರಲಿಲ್ಲ. “ಎತ್ಕೊಂಡೌನೆ” ಎಂದು ಸುವಾರ್ತಮ್ಮ ಸಮಾಧಾನದಿಂದ ಹೇಳುತ್ತಿದ್ದಳು. ನಾಯಿಯೋ ಹಂದಿಯೋ ಎಳೆದುಕೊಂಡು ಹೋಗಿರಬೇಕು ಎಂದುಕೊಂಡ ಏಸೋಬು ಬಾಯಿ ಬಿಡುತ್ತಿರಲಿಲ್ಲ. ಆ ದಿಬ್ಬದ ವಿಷಯದಲ್ಲಿ ಬಾಯಿ ಬಿಡದೆ ಇರುವುದು ಅವನಿಗೆ ಒಂದು ಕಸುಬೇ ಆಗಿಹೋಗಿತ್ತು. ಈಗಲೂ ಬಾಯಿ ಬಿಡದೆ ಹೊರಟ. ಮೊಪೆಡ್ಡಿನ ಮುಂದೆ ಸುಣ್ಣದ ಬಕೆಟ್ಟು, ಹಿಂದೆ ಅತ್ತೆ, ಅತ್ತೆಯ ತೊಡೆಯ ಮೇಲೆ ಸೈಕಲ್ಲು, ಸೈಕಲ್ಲಿನ ಸೀಟಿನ ಮೇಲೆ ಹೂವಿನ ಬುಟ್ಟಿ. ಪೇಟೆಯ ಜನ ನಿಂತು ನೋಡುತ್ತಿದ್ದರು. ಜೀನ್ಸ್ ಅಂಗಡಿಯ ಮುಂದೆ ಕೂತಿದ್ದ ಪರಿಚಯದವನೊಬ್ಬ “ಏನ್ರಿ ಮಾಸ್ಟರ್, ಮಗನ ಬರ್ತ್‌ಡೇ ಏನು?” ಎಂದು ಕೂಗಿದ. ಏಸೋಬು “ಹೌದ್ರಿ” ಅಂದುಬಿಟ್ಟ. ಯಾರು ಏನು ಕೇಳಿದರೂ ಹೌದ್ರಿ ಅನ್ನುವ ತನ್ನ ನಾಲಿಗೆಯ ಮೇಲೆ ಅವನಿಗೆ ಹೇಸಿಗೆಯಾಯಿತು. ಅವತ್ತೂ ಹೀಗೆಯೇ ಅಂದಿತ್ತು ಅದು. ಆಸ್ಪತ್ರೆಯಲ್ಲಿ ಹೆಂಡತಿ ದಯಾಮಣಿ ಹೊಟ್ಟೆಯ ಹೊಲಿಗೆ ಕೀವಾಗಿ ಜ್ವರ ಏರಿ ಮಲಗಿದ್ದಳು. ಕೂಸು ಬೆಳಗಿನ ಜಾವ ಹೋಗಿತ್ತು. ಮೈ ಹಳದಿಯಾಗಿತ್ತು, ಆಮೇಲೆ ಹಾಲು ಬಿಟ್ಟಿತು, ಆಮೇಲೆ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಚರ್ಚಿನ ಸಭೆಯ ಹಿರಿಯ ದಾವೀದಪ್ಪ ಬಂದು, “ಸಣ್ಣ ಕೂಸು, ತಡ ಮಾಡಬಾರದು. ಹೋಗೋಣೇನಪ್ಪಾ?” ಎಂದಾಗ ಇವನು “ಹೌದ್ರಿ” ಅಂದಿದ್ದ.

ದಾವೀದಪ್ಪನ ಸ್ಕೂಟರಿನ ಹಿಂದೆ ಕೂತು, ಆಸ್ಪತ್ರೆಯ ಟವೆಲ್ಲಿನಲ್ಲಿ ಸುತ್ತಿದ್ದನ್ನು ಎದೆಗವಚಿಕೊಂಡು ಏಸೋಬು ಸ್ಮಶಾನದ ಗೇಟಿನವರೆಗೂ ಬಂದ. ಅಲ್ಲಿ ದಾವೀದಪ್ಪ ಕೂಸನ್ನು ಇಸಿದುಕೊಂಡು, “ತಂದಿ ಆದೋನು ನೋಡಬಾರದು, ನೀ ಇಲ್ಲೇ ಕೂಡು” ಎಂದು ಗುಂಡಿ ತೋಡುವ ಗಂಗಣ್ಣನ ಜೊತೆ ಒಳಗೆ ಹೋದ. ಏಸೋಬು ಕೂತ. ಆಗಲೇ ಫೋನು ಬಂದದ್ದು. ಏಸೋಬು ಬಟ್ಟೆ ಕತ್ತರಿಸುವ ಕೆಲಸಕ್ಕಿದ್ದ ಜೀನ್ಸ್ ಕಾರ್ಖಾನೆಯ ಧಣಿ ತಿಪ್ಪೇಸ್ವಾಮಿ. ಅವರಿಗೆ ಸುದ್ದಿ ಗೊತ್ತಿರಲಿಲ್ಲ. ಬಳ್ಳಾರಿಯ ವ್ಯಾಪಾರಿ ಎದುರಿಗೇ ಕೂತಿದ್ದಾನೆ, ಆರ್ಡರಿಗೆ ಹಿತ್ತಾಳೆ ಜಿಪ್ಪೋ ಸ್ಟೀಲ್ ಜಿಪ್ಪೋ, ಈಗಿಂದೀಗಲೇ ಹೇಳಬೇಕು. ನನ್ನ ಮಗ ಸತ್ತಿದ್ದಾನೆ ಎಂದು ಹೇಳಬಹುದಾಗಿತ್ತು. ಎರಡೇ ಮಾತು. ಆದರೆ ಅಷ್ಟು ಹೊತ್ತಿಗೆ ನಾಲಿಗೆ “ಹೇಳ್ರಿ ಅಣ್ಣಾ” ಅಂದಾಗಿತ್ತು, ಜಿಪ್ಪಿನ ಪ್ರಶ್ನೆ ಬಂದಾಗಿತ್ತು. ಜಿಪ್ಪಿನ ಪ್ರಶ್ನೆಗೆ ಜಿಪ್ಪಿನ ಉತ್ತರ ಬಿಟ್ಟು ಬೇರೆಯದನ್ನು ಹೇಗೆ ಹೇಳುವುದೆಂದು ಅವನಿಗೆ ತೋಚಲಿಲ್ಲ. ಬೆಟ್ಟದ ಮರೆಗೆ ಸಿಗ್ನಲ್ ಬೇರೆ ಸಿಗುತ್ತಿರಲಿಲ್ಲ. ಅವನು ಎದ್ದು ಗೋಡೆಯ ಪಕ್ಕ ನಡೆದ, ಒಳಗೆ ನಡೆದ, ಕಲ್ಲಿನ ಮೇಲೆ ಹತ್ತಿದ, “ಹಿತ್ತಾಳಿ! ಹಿತ್ತಾಳಿ ರೀ! ಸ್ಟೀಲ್ ಬ್ಯಾಡ್ರೀ, ತುಕ್ಕು ಹಿಡೀತೈತಿ!” ಎಂದು ಸತ್ತವರೆಲ್ಲ ಎದ್ದು ಕೂರುವ ಹಾಗೆ ಒದರಿದ. ಫೋನಿಟ್ಟು ತಿರುಗಿದರೆ ದಾವೀದಪ್ಪನೂ ಗಂಗಣ್ಣನೂ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದರು. ಎಲ್ಲ ಮುಗಿದಿತ್ತು. ಸುತ್ತಲೂ ಹಸಿಮಣ್ಣಿನ ಆರೇಳು ಸಣ್ಣ ಸಣ್ಣ ದಿಬ್ಬಗಳು. ಯಾವುದು ಎಂದು ಕೇಳಿದ್ದರೆ ಆಗುತ್ತಿತ್ತು. ಜಿಪ್ಪಿನ ಮಾತಾಡಿದ ಬಾಯಲ್ಲಿ ಅದನ್ನು ಕೇಳಲು ನಾಚಿಕೆಯಾಯಿತು. ನಾಳೆ ಕೇಳಿದರಾಯಿತು ಅಂದುಕೊಂಡ. ಕೇಳುವ ಮುಂಚೆಯೇ ಆ ವರ್ಷದ ಆಗಸ್ಟಿನಲ್ಲಿ ದಾವೀದಪ್ಪ ಎದೆನೋವಿನಿಂದ ತೀರಿಕೊಂಡ. ಅವನ ಮಣ್ಣಿನ ದಿನ ಏಸೋಬುವಿಗೆ ಒಳಗೊಳಗೇ ಒಂದು ನೆಮ್ಮದಿಯಾಗಿ, ಆ ನೆಮ್ಮದಿಗೆ ಗಾಬರಿಬಿದ್ದು, ಎಲ್ಲರಿಗಿಂತ ಜೋರಾಗಿ ಕೀರ್ತನೆ ಹಾಡಿ ಗಂಟಲು ಕೆಡಿಸಿಕೊಂಡಿದ್ದ.

ಆ ವರ್ಷದ ಹಬ್ಬಕ್ಕೆ ಸುವಾರ್ತಮ್ಮ ಬಂದು ಸ್ಮಶಾನದ ನಡುವೆ ನಿಂತು “ಎಲ್ಲಪ್ಪಾ ನಮ್ ಕೂಸು?” ಎಂದಾಗ ಅವನ ಕೈ ತಾನಾಗಿಯೇ ಮೇಲೆದ್ದಿತು. ಬಟ್ಟೆಯ ಥಾನುಗಳ ಮಧ್ಯೆ ಒಳ್ಳೆಯದನ್ನು ಆರಿಸುವ ಕಟಿಂಗ್ ಮಾಸ್ಟರನ ಕೈ ಅದು. ಇದ್ದ ದಿಬ್ಬಗಳಲ್ಲಿ ನೇರವಾದ, ಅಂಚು ಕೆಡದ, ಚೆಂದದ ದಿಬ್ಬವೊಂದನ್ನು ಆರಿಸಿ ತೋರಿಸಿತು. ಸುವಾರ್ತಮ್ಮ ಅದರ ಮೇಲೆ ಬಿದ್ದು ಅತ್ತಳು. ದಯಾಮಣಿ ಮಾತ್ರ ಒಂದು ಹಿಡಿ ಹೂ ಹಾಕಿ, ಅವನ ಕೈಯನ್ನೊಮ್ಮೆ ನೋಡಿ, ದೂರ ಹೋಗಿ ಕೂತಳು. ಆ ನೋಟವನ್ನು ಏಸೋಬು ಎಷ್ಟೋ ಸಲ ಮನಸ್ಸಿನಲ್ಲಿ ಬಿಚ್ಚಿ ಮಡಿಸಿದ್ದಾನೆ, ಅದರ ಅರ್ಥ ಸಿಕ್ಕಿಲ್ಲ. ಅಂದಿನಿಂದ ಗಂಗಣ್ಣ ಪೇಟೆಯಲ್ಲಿ ಎದುರಾದರೆ ಅವನು ರಸ್ತೆ ದಾಟುತ್ತಿದ್ದ. ಒಮ್ಮೆ ಹಾಗೆ ದಾಟಲು ಹೋಗಿ ಕಡಲೆಕಾಯಿ ಮಾರುವವಳ ರಾಶಿಯ ಮೇಲೇ ಕಾಲಿಟ್ಟು ಬೈಸಿಕೊಂಡಿದ್ದ. ಕೂಸನ್ನು ಮಣ್ಣು ಮಾಡಿದ ದಿನದ ಬಗ್ಗೆ ದಯಾಮಣಿ ಈ ಮೂರು ವರ್ಷದಲ್ಲಿ ಒಂದೇ ಒಂದು ಮಾತು ಕೇಳಿರಲಿಲ್ಲ. ಸಾರಿಗೆ ಉಪ್ಪು ಸಾಕೇ ಎಂದು ಕೇಳುವಳು, ಗ್ಯಾಸ್ ಬುಕ್ ಮಾಡಿದಿರಾ ಎಂದು ಕೇಳುವಳು. ಪ್ರತಿ ಸಲ ಅವಳು “ರೀ” ಎಂದಾಗ, ಬಂತು, ಈಗ ಕೇಳುತ್ತಾಳೆ ಎಂದು ಅವನು ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದ. ಗ್ಯಾಸು ಎಂದು ತಿಳಿದ ಮೇಲೆ ಬಂದ ಸಂತೋಷದಲ್ಲಿ ಎರಡೆರಡು ಸಲ ಬುಕ್ ಮಾಡಿ ಬೈಸಿಕೊಳ್ಳುತ್ತಿದ್ದ.

ದಯಾಮಣಿ ಮನೆಯಿಂದ ನಡೆದು ಬಂದು ಸೇರಿಕೊಂಡು ಮೂವರೂ ಸ್ಮಶಾನದ ಒಳಗೆ ಹೋದಾಗ ಬಿಸಿಲು ಏರಿತ್ತು. ಎಲ್ಲೆಲ್ಲೂ ಜನ, ಸುಣ್ಣದ ವಾಸನೆ, ಮೇಣದಬತ್ತಿ, ಮಂಡಕ್ಕಿ ಮಾರುವವನ ಗಂಟೆ. ದಯಾಮಣಿ ಬುತ್ತಿಯ ಕ್ಯಾರಿಯರ್ ಹಿಡಿದುಕೊಂಡು ಪ್ರತಿ ವರ್ಷದಂತೆ ಗೋಡೆಬದಿಯ ಬೇವಿನ ಮರದ ಕೆಳಗೆ ಹೋಗಿ ಕೂತಳು. ಅತ್ತೆ ಅಳಿಯ ಬಕೆಟ್ಟು ಸೈಕಲ್ಲು ಹೊತ್ತು ದಿಬ್ಬದ ಕಡೆ ನಡೆದರು. ದಿಬ್ಬ ಇರಲಿಲ್ಲ. ಅದಿದ್ದ ಜಾಗದಲ್ಲಿ ಹೊಸ ಸಿಮೆಂಟಿನ ಪುಟ್ಟ ಸಮಾಧಿ, ಆಕಾಶನೀಲಿ ಬಣ್ಣ, ಮೇಲೊಂದು ಶಿಲುಬೆ, ಶಿಲುಬೆಗೆ ಎರಡು ಹಸಿರು ಬಳೆ. ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮೂವರು ಕೂತಿದ್ದರು: ದಪ್ಪ ಮೀಸೆಯ ಗಂಡಸು, ಅವನ ಹೆಂಡತಿ, ಅವನ ತಾಯಿ. ಸುವಾರ್ತಮ್ಮ ಒಂದು ನಿಮಿಷ ನೋಡಿದಳು. “ಅಯ್ಯೋ, ಸರ್ಕಾರದೋರು ಎಷ್ಟು ಚೆಂದಾಗಿ ಕಟ್ಸವ್ರೆ!” ಎಂದು ಬುಟ್ಟಿಯನ್ನು ನೀಲಿ ಸಮಾಧಿಯ ಮೇಲೆ ಇಟ್ಟಳು.

“ಯಾರಬೇ ನೀನು? ಯಾಕ ನಮ್ ಕೂಸಿನ ಮ್ಯಾಲೆ ಬುಟ್ಟಿ ಇಡ್ತಿ?” ಎಂದು ಆ ಮುದುಕಿ ಎದ್ದಳು. ಅವಳ ಹೆಸರು ನರಸಕ್ಕ.

“ನಿಮ್ ಕೂಸಾ? ಇದು ನನ್ ಮೊಮ್ಮಗ ಕಣಮ್ಮ.”

“ಮೊಮ್ಮಗ ಎಲ್ಲಿಂದ ಬಂದ? ಇದು ಹೆಣ್ಣುಕೂಸು. ಎಸ್ತೇರು ಅಂತ ಬರಸೀವಿ, ಓದು.”

“ನಂಗೆ ಓದಕ್ ಬರಲ್ಲ. ಬರೆದ್ಬಿಟ್ರೆ ಗಂಡು ಹೋಗಿ ಹೆಣ್ಣಾಗ್ತದಾ?”

“ನೀನು ಸುಣ್ಣ ಹಚ್ಚಿದ್ರ ಹೆಣ್ಣು ಹೋಗಿ ಗಂಡಾಕ್ಕತೇನು?”

ಇಬ್ಬರೂ ಸೆರಗು ಸಿಕ್ಕಿಸಿಕೊಂಡರು. ನಡುವೆ ಸೈಕಲ್ಲು ನಿಂತಿತ್ತು. ಅತ್ತಿತ್ತ ಸಮಾಧಿ ತೊಳೆಯುತ್ತಿದ್ದವರು ಪೊರಕೆ ಹಿಡಿದುಕೊಂಡೇ ಬಂದು ಸುತ್ತ ನಿಂತರು. ಮೀಸೆಯ ಗಂಡಸು ತಾಳ್ಮೆಯಿಂದ ಜೇಬಿನ ಡೈರಿ ತೆಗೆದ. ಅವನು ಮುತ್ತುರಾಜ್, ಬೊಮ್ಮನಹಾಳಿನ ಕಡೆ ಕರೆಂಟಿನ ಲೈನ್‌ಮನ್. “ನೋಡ್ರಿ, ಗೇಟಿನಿಂದ ನಲವತ್ತೆರಡು ಹೆಜ್ಜಿ, ಗ್ವಾಡಿಯಿಂದ ಹನ್ನೊಂದು. ಅವತ್ತೇ ಬರಕೊಂಡೀನಿ. ಕಂಬದ ನಂಬರೇ ತಪ್ಪಂಗಿಲ್ಲ ನಾನು, ಮಗಳ ನಂಬರ್ ತಪ್ತೀನೇನ್ರಿ?”

ಸುವಾರ್ತಮ್ಮ ನಕ್ಕಳು. ಅಳಿಯನ ಮೇಲಿನ ಭರವಸೆಯ ನಗು ಅದು. “ನಮ್ ಅಳಿಯಂದ್ರು ಕಟಿಂಗ್ ಮಾಸ್ಟರು ಕಣಪ್ಪ. ಸಾವಿರ ಪ್ಯಾಂಟು ಒಟ್ಟಿಗೆ ಕೊಯ್ದ್ರೂ ಅರ್ಧ ಇಂಚು ಅತ್ಲಾಗಿತ್ಲಾಗಾಗಲ್ಲ. ಹೇಳು ಏಸೋಬಪ್ಪ, ಮಣ್ಣು ಮಾಡಿದ್ದು ನೀನೇ ಅಲ್ವಾ? ಎಷ್ಟು ಹೆಜ್ಜೆ?”

“ಹನ್ನೊಂದೂವರಿ” ಎಂದ ಏಸೋಬು.

“ಅರ್ಧ ಹೆಜ್ಜಿ ಹೆಂಗ ಹಾಕಿದ್ರಿ?” ಎಂದು ಮುತ್ತುರಾಜ್ ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ ಕೇಳಿದ.

ಏಸೋಬು ಪ್ಯಾಂಟಿನ ಜೇಬಿಗೆ ಕೈಹಾಕಿ, ಅಲ್ಲಿ ಯಾವಾಗಲೂ ಇರುವ ಅಳತೆಯ ಟೇಪು ತೆಗೆದು, ಗೋಡೆಯ ಬುಡದಲ್ಲಿ ಮಂಡಿಯೂರಿ ಕೂತ. ಅರವತ್ತಿಂಚಿನ ಟೇಪು. ಒಂದು ತುದಿಯನ್ನು ಗೋಡೆಗೆ ಒತ್ತಿ, ಇನ್ನೊಂದು ತುದಿಯಲ್ಲಿ ಬೆರಳಿನಿಂದ ಗೀರು ಹಾಕಿ, ತೆವಳಿಕೊಂಡು ಮುಂದೆ ಹೋಗಿ, ಮತ್ತೆ ಒತ್ತಿ, ಮತ್ತೆ ಗೀರು. ಜನರ ಕಾಲುಗಳೂ ಅವನ ಜೊತೆಜೊತೆಗೇ ಸರಿದವು. ಯಾರೋ “ದಾರಿ ಬಿಡ್ರಿ, ಸರ್ವೆ ನಡೆದೈತಿ” ಎಂದರು. ಇದರಿಂದ ಏನು ಸಾಬೀತಾಗುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಆದರೆ ಅಳೆಯುವ ತನಕ ಯಾರೂ ಏನೂ ಕೇಳುವುದಿಲ್ಲ. ಮಂಡಿಗೆ ಕಲ್ಲು ಒತ್ತುತ್ತಿತ್ತು, ಅದೂ ಹಿತವೆನಿಸಿತು. ಗೋಡೆಯಿಂದ ಸಮಾಧಿಯ ತನಕ ಮುಗಿಯದಷ್ಟು ದೂರವಿದ್ದರೆ, ಬಳ್ಳಾರಿಯ ತನಕ ಇದ್ದರೆ, ಹೀಗೇ ತೆವಳಿಕೊಂಡು ಹೋಗುತ್ತಿದ್ದನಲ್ಲ ಎಂದುಕೊಂಡ. ಮನಸ್ಸು ಅಲ್ಲೆಲ್ಲೋ ಹೋಗಿ ಟೇಪು ಎಷ್ಟು ಸಲ ಹಾಕಿದೆನೆಂಬುದೇ ಮರೆಯಿತು. ತಲೆ ನೀಲಿ ಸಿಮೆಂಟಿಗೆ ತಾಗಿದಾಗ ಎದ್ದು ನಿಂತು, ಕೊನೆಯ ತುಂಡಿನ ಮೇಲೆ ಕಂಡ ಅಂಕಿಯನ್ನು ಗಟ್ಟಿಯಾಗಿ ಓದಿದ: “ಮೂವತ್ತೆರಡು.”

“ಏನ್ ಮೂವತ್ತೆರಡು?” ಎಂದಳು ನರಸಕ್ಕ. “ಕೂಸಿನ ಸೊಂಟದ ಅಳತೀನೇನು?”

ಜನ ನಕ್ಕರು. ಏಸೋಬುವಿಗೂ ನಗು ಬಂದಂತಾಗಿ, ಅದು ಮುಖದ ಮೇಲೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒಂದು ಕಡೆ ತುಟಿ ಎಳೆದುಕೊಂಡಿತು. ಅಷ್ಟರಲ್ಲಿ ಇಲ್ಲಿಯವರೆಗೂ ಸುಮ್ಮನೆ ಕೂತಿದ್ದ ಮುತ್ತುರಾಜನ ಹೆಂಡತಿ ಉಷಾ ಸುವಾರ್ತಮ್ಮನ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದಳು. “ಅಮ್ಮಾ, ವರ್ಷಾ ಸುಣ್ಣ ಬಳದು ಹೋಗೋರು ನೀವೇ ಏನ್ರಿ?”

“ಊಂ, ಮತ್ಯಾರು?”

“ನಾವು ಕ್ರಿಸ್ಮಸ್ಸಿಗೆ ಅಷ್ಟೇ ಬರ್ತಿದ್ವಿ ರೀ, ಸಮಾಧಿ ಕಟ್ಟಿಸೀವಂತ ಈ ಸಲ ಹಬ್ಬಕ್ಕ ಬಂದೀವಿ. ಬಂದಾಗೆಲ್ಲ ಯಾರೋ ಸುಣ್ಣ ಬಳದಿರೋರು, ಹೂವು ಹಾಕಿರೋರು. ದೇವದೂತರೇ ಬರ್ತಾರ ಅಂತ ನಾನು ಸಭೆಯಾಗ ಎದ್ದು ನಿಂತು ಸಾಕ್ಷಿ ಹೇಳೀನ್ರಿ. ಎಲ್ಲಾರೂ ಚಪ್ಪಾಳಿ ಹೊಡೆದ್ರು.” ಉಷಾ ತುಸು ನಾಚಿದಳು. “ಆಟದ ಸಾಮಾನೂ ಇಟ್ಟಿರತಿದ್ರಲ್ಲ, ಅವು ನಮ್ಮ ಮನಿಯಾಗ ಅದಾವ್ರಿ. ಎಸ್ತೇರಿನ ತಂಗಿ ಹುಟ್ಯಾಳ, ಎರಡು ವರ್ಷ. ಅಕ್ಕ ಕಳಿಸ್ಯಾಳ ಅಂತ ಕೊಟ್ಟೀವಿ.”

“ನಮ್ ಹುಡುಗನ್ ಸಾಮಾನು ಎತ್ಕೊಂಡೋಗಿದ್ದು ನೀವಾ!” ಎಂದು ಸುವಾರ್ತಮ್ಮ ಕೈ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಅವಳ ಮುಖದಲ್ಲಿ ಏನೋ ಲೆಕ್ಕ ನಡೆಯುತ್ತಿದ್ದಂತೆ ಕಂಡಿತು. ಆಮೇಲೆ ದನಿ ಇಳಿಸಿ ಕೇಳಿದಳು. “ಆಡ್ಕೊಂತಾಳಾ?”

“ಬಾತುಕೋಳಿ ಬಿಟ್ಟು ನಿದ್ದೀನೇ ಮಾಡಂಗಿಲ್ರಿ.”

“ಕೀ ಕೊಟ್ರೆ ಇನ್ನೂ ನಡೀತದಾ ಅದು? ಅಂಗಡಿಯೋನು ಆರು ತಿಂಗಳಿಗೆ ಹೋಗ್ತದೆ ಅಂದಿದ್ದ.”

“ನಡೀತೈತ್ರಿ, ಒಂಚೂರು ಎಡಕ್ಕ ಎಳೀತೈತಿ.”

ಸುವಾರ್ತಮ್ಮ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. ನರಸಕ್ಕ ಚಾಪೆಯ ಮೇಲೆ ಜಾಗ ಬಿಟ್ಟಳು. ಇನ್ನು ಇದು ಇಲ್ಲಿಗೇ ಮುಗಿಯುತ್ತದೆ, ಒಂದು ಸಮಾಧಿಯನ್ನು ಎರಡು ಮನೆಯವರು ಹಂಚಿಕೊಂಡರೆ ಯಾರ ಗಂಟು ಹೋಗುತ್ತದೆ ಎಂದು ಏಸೋಬು ಉಸಿರು ಬಿಡುತ್ತಿರುವಾಗ ಜನರ ನಡುವಿನಿಂದ ಗಂಗಣ್ಣ ಬಂದ. ಮುತ್ತುರಾಜನೇ ಕರೆಕಳಿಸಿದ್ದ. ಕೈಯಲ್ಲಿ ಯಾರದೋ ಸಮಾಧಿಗೆ ಬಳಿಯುತ್ತಿದ್ದ ಸುಣ್ಣದ ಕುಂಚ. ನರಸಕ್ಕ “ಇದು ನಮ್ದಲ್ಲೇನಪ್ಪಾ?” ಎಂದಳು. “ಹೌದ್ರಿ, ನಿಮ್ದೇ” ಎಂದ ಗಂಗಣ್ಣ. ಸುವಾರ್ತಮ್ಮ “ನಮ್ದೂ ಇಲ್ಲೇ ಅಲ್ವಾ?” ಎಂದಳು. “ಹೌದ್ರಿ, ನಿಮ್ದೂ ಇಲ್ಲೇ” ಎಂದ. ಏಸೋಬುವಿಗೆ ಅವನ ಮೇಲೆ ಪ್ರೀತಿ ಉಕ್ಕಿತು. ಈ ಮನುಷ್ಯನನ್ನು ಕಂಡು ಮೂರು ವರ್ಷ ರಸ್ತೆ ದಾಟಿದೆನಲ್ಲ! ಅವನೂ ತನ್ನ ಹಾಗೆಯೇ ಹೌದ್ರಿ ಅನ್ನುವವನು. ಪ್ರೀತಿಯಿಂದ ತಲೆಯೆತ್ತಿ ನೋಡಿದ. ಗಂಗಣ್ಣನೂ ನೋಡಿದ. ಅವನ ಮುಖ ಅರಳಿತು.

“ಅರೆ! ಹಿತ್ತಾಳಿ ಜಿಪ್ಪು!”

ಏಸೋಬು ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದ.

“ಇವ್ರೇ ಅಲ್ಲೇನ್ರಿ! ದಾವೀದಪ್ಪೋರು ಕೂಸು ತಂದಿದ್ರು, ನಾನು ಮಣ್ಣು ಎಳೀತಿದ್ದೆ, ಇವ್ರು ಆ ಕಲ್ಲಿನ ಮ್ಯಾಲೆ ಹತ್ತಿ ಹಿತ್ತಾಳಿ ಹಿತ್ತಾಳಿ ಅಂತ ಒದರ್ತಿದ್ರು ಫೋನಿನಾಗ. ಇಷ್ಟು ವರ್ಷದಾಗ ಅತ್ತೋರು, ಬಿದ್ದು ಹೊಳ್ಯಾಡಿದೋರು ಎಷ್ಟು ಮಂದಿನ ನೋಡೀನಿ, ಎಲ್ಲಾ ಮರತೋಗೈತಿ. ಜಿಪ್ಪು ಅಂತ ಒದರಿದೋರು ಇವ್ರೊಬ್ರೇ. ನಿಮ್ದು ಇಲ್ಲಿ ಅಲ್ರಿ ಯಪ್ಪಾ! ನಿಮ್ ಕೂಸು ಅಲ್ಲಿ ಐತಿ.”

ಕುಂಚ ಎತ್ತಿ ತೋರಿಸಿದ. ಸುಣ್ಣದ ಹನಿಗಳು ನೆಲಕ್ಕೆ ಬಿದ್ದವು. ಎಲ್ಲರೂ ತಿರುಗಿದರು. ಗೋಡೆಬದಿಯ ಬೇವಿನ ಮರ, ಮರದ ಕೆಳಗೆ ಮಳೆಗೆ ಕರಗಿ ಒಂದಿಷ್ಟೂ ಉಬ್ಬಿಲ್ಲದ ನೆಲ, ನೆಲದ ಮೇಲೆ ಕಾಲು ಚಾಚಿ ಕೂತ ದಯಾಮಣಿ. ಪ್ರತಿ ವರ್ಷ ಸುಣ್ಣದ ಕೆಲಸ ಮುಗಿಸಿ ಮೂವರೂ ಬುತ್ತಿ ಬಿಚ್ಚುವುದು ಅಲ್ಲಿಯೇ. ಅಲ್ಲಿ ನೆರಳು ಚೆನ್ನಾಗಿದೆ ಎಂದು ಮೊದಲ ವರ್ಷ ಆ ಜಾಗ ಹಿಡಿದವಳು ಅವಳು. ಅಷ್ಟು ಜನ ಒಮ್ಮೆಲೇ ತನ್ನನ್ನು ನೋಡಿದ್ದು ಕಂಡು ಅವಳು ಸೆರಗು ಸರಿಮಾಡಿಕೊಂಡಳು. ಗಂಗಣ್ಣನ ದನಿ ದೊಡ್ಡದು. ಅವಳಿಗೆ ಎಲ್ಲವೂ ಕೇಳಿಸಿತ್ತು. ಎದ್ದೇಳಲಿಲ್ಲ. ಪಕ್ಕದಲ್ಲಿದ್ದ ಕ್ಯಾರಿಯರನ್ನು ನಿಧಾನವಾಗಿ ಎತ್ತಿ, ಅದು ಇದ್ದ ಜಾಗವನ್ನು ಅಂಗೈಯಿಂದ ಸವರಿ, ಕ್ಯಾರಿಯರನ್ನು ದೂರ ಇಟ್ಟಳು.

ಏಸೋಬು ಅವಳ ಎದುರಿಗೆ ಹೋಗಿ ನಿಂತ. ಅವನ ಮಂಡಿಗಳಿಗೆ ಮಣ್ಣು ಮೆತ್ತಿತ್ತು, ಕೊರಳಲ್ಲಿ ಟೇಪು ನೇತಾಡುತ್ತಿತ್ತು.

“ಯಾವ ಜಿಪ್ಪು?” ಎಂದಳು ದಯಾಮಣಿ.

“ಐದನೇ ನಂಬರಿಂದು. ಬಳ್ಳಾರಿ ಆರ್ಡರ್ ಇತ್ತು. ಸ್ಟೀಲು ಹಾಕಿದ್ರ ಒಗದ ಮ್ಯಾಲೆ ತುಕ್ಕು ಹಿಡೀತೈತಿ, ಅದಕ್ಕ...” ಅವನ ಬಾಯಿ ತಾನಾಗಿಯೇ ಮಾತಾಡುತ್ತಿತ್ತು. ಆರ್ಡರಿನ ಬಟ್ಟೆ, ಬಣ್ಣ, ಸೈಜು, ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಗೇಟು, ದಾವೀದಪ್ಪ, ನಲ್ಲಿಯ ಹತ್ತಿರ ಕೈ ತೊಳೆದದ್ದು, ಆರೇಳು ದಿಬ್ಬ, ತಾನು ಚೆಂದದ್ದು ನೋಡಿ ಕೈತೋರಿಸಿದ್ದು ಎಲ್ಲವೂ ಹೊರಗೆ ಬಂದವು. ಮೂರು ವರ್ಷ ಹೆದರಿದ್ದ ಮಾತು, ಜಿಪ್ಪಿನ ಮಾತಿಗೆ ಅಂಟಿಕೊಂಡು, ಅಷ್ಟು ಜನರ ಮುಂದೆ, ಒಂದೇ ಉಸಿರಿನಲ್ಲಿ ಮುಗಿದೇಹೋಯಿತು. ಮಂಡಕ್ಕಿಯವನೂ ಗಂಟೆ ನಿಲ್ಲಿಸಿ ಕೇಳುತ್ತಿದ್ದ.

ಮೊದಲು ಮಾತಾಡಿದವಳು ಸುವಾರ್ತಮ್ಮ. ಅಳಿಯನನ್ನು ಬೈಯುತ್ತಾಳೆಂದು ಎಲ್ಲರೂ ಕಾದರು. ಅವಳು ಬೇವಿನ ಬುಡಕ್ಕೆ ಬಂದು ನೆಲವನ್ನೇ ನೋಡುತ್ತ, “ಅಂಗಾದ್ರೆ ವರ್ಷ ವರ್ಷವೂ ನಮ್ ಜೊತೇಲೇ ಊಟಕ್ಕೆ ಕೂತೌನೆ” ಎಂದಳು. ಮತ್ತೆ, “ಹೋದ್ ವರ್ಷ ಚಿತ್ರಾನ್ನಕ್ಕೆ ಖಾರ ಜಾಸ್ತಿ ಆಗಿತ್ತು” ಎಂದು ಅತ್ತಳು.

ಆಮೇಲೆ ನಡೆದ ಕೆಲಸವನ್ನೆಲ್ಲ ಬೇರೆಯವರೇ ಮಾಡಿದರು. ಗಂಗಣ್ಣ ನಾಲ್ಕು ಕಲ್ಲು ತಂದು ನಾಲ್ಕು ಮೂಲೆಗೆ ಇಟ್ಟ. ಬಕೆಟ್ಟಿನ ಸುಣ್ಣ ಆ ಕಲ್ಲುಗಳಿಗೆ ಬಿತ್ತು. ಸುವಾರ್ತಮ್ಮ ಬುಟ್ಟಿಯ ಹೂವಿನಲ್ಲಿ ಅರ್ಧ ಎಸ್ತೇರಿಗೆ ಹಾಕಿ ಬಂದಳು, ಅಷ್ಟು ವರ್ಷ ಮಾತಾಡಿಸಿದ ಕೂಸನ್ನು ಹಾಗೆ ಬಿಡಲಾಗುವುದಿಲ್ಲ ಎಂದಳು. ಸೈಕಲ್ಲನ್ನು ಉಷಾಳ ಕೈಗೆ ಕೊಟ್ಟು, ತಂಗಿಗೆ ಕಾಲು ಎಟುಕುವ ತನಕ ಹಿಂದಿನಿಂದ ನೂಕಬೇಕು, ಬ್ರೇಕಿಲ್ಲ, ಇಳಿಜಾರಿನಲ್ಲಿ ಬಿಡಬಾರದು ಎಂದು ಮೂರು ಮೂರು ಸಲ ಹೇಳಿದಳು. ಮುತ್ತುರಾಜ್ ಮೀಸೆ ಕಚ್ಚಿಕೊಂಡು ಗೇಟಿನಿಂದ ಹೆಜ್ಜೆ ಎಣಿಸಿಕೊಂಡು ಬಂದ, ಗೋಡೆಯಿಂದ ಎಣಿಸಿಕೊಂಡು ಬಂದ, ಡೈರಿಯಲ್ಲಿ ಬರೆದು ಹಾಳೆ ಹರಿದು ಏಸೋಬುವಿಗೆ ಕೊಟ್ಟ. “ಇಟ್ಕೊಳ್ರಿ. ನನ್ ಹತ್ರಾನೂ ಒಂದು ಇರತೈತಿ. ಯಾವಾಗ ಬೇಕಾದ್ರೂ ಫೋನ್ ಮಾಡ್ರಿ” ಎಂದವನು ಫೋನ್ ಎಂದದ್ದಕ್ಕೆ ನಾಲಿಗೆ ಕಚ್ಚಿಕೊಂಡ. ಬುತ್ತಿಯನ್ನು ಯಾರೂ ಬಿಚ್ಚಲಿಲ್ಲ. ದಯಾಮಣಿ ಎದ್ದು ಸೀರೆ ಕೊಡವಿಕೊಂಡು ತಾಯಿಯ ಕೈ ಹಿಡಿದು, “ನಾನೂ ನಿನ್ ಜೊತೆ ಊರಿಗೆ ಬರ್ತೀನಿ” ಎಂದಳು. ಎಷ್ಟು ದಿನಕ್ಕೆ ಎಂದು ಅವಳು ಹೇಳಲಿಲ್ಲ, ಸುವಾರ್ತಮ್ಮನೂ ಕೇಳಲಿಲ್ಲ.

ಬಸ್‌ಸ್ಟ್ಯಾಂಡಿನವರೆಗೆ ಏಸೋಬು ಮೊಪೆಡ್ ನೂಕಿಕೊಂಡು ಅವರ ಹಿಂದೆ ನಡೆದ. ಹತ್ತಿಸಿಕೊಂಡು ಹೋಗಲೇ ಎಂದು ಕೇಳುವ ಧೈರ್ಯವಾಗಲಿಲ್ಲ, ತಾನೊಬ್ಬನೇ ಹತ್ತಿ ಹೋಗುವುದೂ ಸರಿಯೆನಿಸಲಿಲ್ಲ. ಹಿಂದಿನಿಂದ ಕಾಣುತ್ತಿದ್ದ ಹೆಂಡತಿಯ ನಡಿಗೆಯನ್ನು ನೋಡುತ್ತಿದ್ದ. ಬಲಗಾಲನ್ನು ತುಸು ಒತ್ತಿ ಇಡುತ್ತಾಳೆ. ಮದುವೆಯಾದಾಗಿನಿಂದ ಹೀಗೇ ಇತ್ತೋ, ಹೆರಿಗೆಯ ಹೊಲಿಗೆಯ ಮೇಲೆ ಹೀಗಾಯಿತೋ ಎಂದು ನೆನಪಿಸಿಕೊಳ್ಳಲು ಹೋದರೆ ಅದೂ ಗೊತ್ತಿರಲಿಲ್ಲ. ಕಲ್ಯಾಣದುರ್ಗದ ಬಸ್ಸು ನಿಂತಿತ್ತು. ತಾಯಿ ಮಗಳು ಹತ್ತಿದರು. ಸುವಾರ್ತಮ್ಮ ಒಂದು ಕಡೆಯ ಸೀಟು ಹಿಡಿದು ಖಾಲಿ ಬುಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡಳು. ದಯಾಮಣಿ ಆಚೆ ಕಡೆಯ ಸೀಟಿನಲ್ಲಿ ಕೂತಳು. ಏಸೋಬು ಕೆಳಗೆ ನಿಂತು ಕಿಟಕಿಯನ್ನು ನೋಡಿದ. ಅವಳು ಅವನನ್ನು ನೋಡಲಿಲ್ಲ, ಆದರೆ ಕಿಟಕಿಯ ಕಡೆ ಸರಿದು ಕೂತಳು. ಬಿಸಿಲು ಬೀಳುವ ಕಡೆಗೇ ಸರಿದಳು. ಬಿಸಿಲಿಗೆ ಯಾರಾದರೂ ಸುಮ್ಮನೆ ಸರಿಯುತ್ತಾರೆಯೇ ಎಂದು ಅವನು ಯೋಚಿಸಿದ. ಯೋಚಿಸುತ್ತಿರುವಾಗ ಕಂಡಕ್ಟರು “ಎಕ್ಕುತಾವಾ ಲೇದಾ?” ಎಂದು ತೆಲುಗಿನಲ್ಲಿ ಗದರಿದ. ಹತ್ತುತ್ತೀಯೋ ಇಲ್ಲವೋ. ಏಸೋಬು ಮೊಪೆಡ್ಡನ್ನು ಬಾಳೆಹಣ್ಣಿನ ಬಂಡಿಗೆ ಆನಿಸಿ, ಬಂಡಿಯವನು ಕೂಗುತ್ತಿದ್ದಂತೆಯೇ ಬಸ್ಸು ಹತ್ತಿ ಅವಳು ಸರಿದು ಬಿಟ್ಟ ಜಾಗದಲ್ಲಿ ಕೂತ.

ಬಸ್ಸು ಊರು ದಾಟಿ, ಕಡಲೆಕಾಯಿ ಕಿತ್ತ ಹೊಲಗಳ ನಡುವೆ ಬಂದ ಮೇಲೆ ದಯಾಮಣಿ ಕಿಟಕಿಯಾಚೆ ನೋಡುತ್ತಲೇ ಕೇಳಿದಳು. “ಬಿಸಿಲಿತ್ತಾ ಅವತ್ತು?”

“ಇತ್ತು. ಮೋಡಾನೂ ಇತ್ತು.”

“ದಾರೀಲಿ ಯಾರು ಎತ್ಕೊಂಡಿದ್ದು?”

“ನಾನೇ. ಗೇಟಿನ ತನಕ ನಾನೇ.”

“ಭಾರ ಇದ್ನಾ?”

ಅವನು ತನ್ನ ಎರಡೂ ಕೈಗಳನ್ನು ತೊಡೆಯ ಮೇಲೆ ಚಾಚಿ ನೋಡಿಕೊಂಡ. “ಇಲ್ಲ. ಟವೆಲ್ಲೇ ಭಾರ ಇತ್ತು. ಒದ್ದಿ ಇತ್ತೇನೋ.”

“ಟೋಪಿ ಇತ್ತಾ? ಅಮ್ಮ ಹೆಣೆದಿದ್ದು?”

“ಗೊತ್ತಿಲ್ಲ.”

“ಯಾವ ಕಡೆ ತಲೆ ಇಟ್ಟು ಮಲಗಿಸಿದ್ರು?”

“ಗೊತ್ತಿಲ್ಲ, ದಯಾ.”

“ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಿ, ಪರವಾಗಿಲ್ಲ. ಗೊತ್ತಿರೋದು ಹೇಳಿ.” ಅವಳ ದನಿಯಲ್ಲಿ ಸಿಟ್ಟಿತ್ತು, ಆದರೆ ಅದು ಅವನ ಜೊತೆ ಮಾತಾಡುತ್ತಿದ್ದ ಸಿಟ್ಟು. “ಮುಖ ನೋಡಿದ್ರಾ?”

ಏಸೋಬುವಿಗೆ ಹೌದು ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡ. “ಇಲ್ಲ. ಒಂಬತ್ತು ದಿನಾನೂ ಸರಿಯಾಗಿ ನೋಡ್ಲಿಲ್ಲ. ಹೆದ್ರಿಕಿ ಆಗ್ತಿತ್ತು. ಆಮ್ಯಾಲೆ ನೋಡಿದ್ರಾತು, ಒಂಚೂರು ದೊಡ್ಡೋನಾಗ್ಲಿ ಅಂದ್ಕೊಂಡಿದ್ದೆ.”

ದಯಾಮಣಿ ಈಗ ಅವನ ಕಡೆ ತಿರುಗಿದಳು. ಆಮೇಲೆ ಹೇಳತೊಡಗಿದಳು. ಹುಬ್ಬೇ ಇರಲಿಲ್ಲ ಅವನಿಗೆ, ಹುಬ್ಬಿರಬೇಕಾದ ಕಡೆ ಬರೀ ಒಂದು ಗೆರೆ. ಎಡಗಿವಿಯ ತುದಿ ಮಡಚಿಕೊಂಡಿತ್ತು, ಬಿಡಿಸಿದರೆ ಮತ್ತೆ ಮಡಚಿಕೊಳ್ಳುತ್ತಿತ್ತು. ಸೀನಿದರೆ ಎರಡೇ ಸಲ, ಆಮೇಲೆ ತನಗೇ ಆಶ್ಚರ್ಯವಾದಂತೆ ಕಣ್ಣು ಬಿಡುತ್ತಿದ್ದ. ಏಸೋಬು ಒಂದು ಅಕ್ಷರವೂ ಬಿಡದೆ ಕೇಳಿದ. ಮನಸ್ಸಿನಲ್ಲಿ ಹುಬ್ಬು, ಕಿವಿ, ಕಣ್ಣು ಬೇರೆ ಬೇರೆಯಾಗಿ ಬಂದು ನಿಂತವು; ಕತ್ತರಿಸಿಟ್ಟ ಬಟ್ಟೆಯ ತುಂಡುಗಳ ಹಾಗೆ ಒಂದಕ್ಕೊಂದು ಸೇರಿ ಮುಖವಾಗಲಿಲ್ಲ. “ಯಾರಂಗ ಇದ್ದ?” ಎಂದು ಕೇಳಿದ.

“ಎಚ್ಚರ ಇದ್ದಾಗ ಯಾರ ಹಂಗೂ ಇರ್ಲಿಲ್ಲ. ನಿದ್ದೆ ಮಾಡೋವಾಗ ಮಾತ್ರ...” ಎಂದು ಹೇಳುತ್ತ ಅವನ ಭುಜದಾಚೆ ನೋಡಿದ ದಯಾಮಣಿ ಅಲ್ಲಿಗೇ ನಿಲ್ಲಿಸಿದಳು. ಅವಳ ತುಟಿ ಒಂದು ಪಕ್ಕಕ್ಕೆ ಹೋಯಿತು. ಅದು ನಗು ಎಂದು ಗೊತ್ತುಮಾಡಿಕೊಳ್ಳಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. “ಅಲ್ನೋಡಿ” ಎಂದು ಗದ್ದದಿಂದ ತೋರಿಸಿದಳು.

ಆಚೆ ಸೀಟಿನಲ್ಲಿ ಸುವಾರ್ತಮ್ಮ ನಿದ್ದೆಹೋಗಿದ್ದಳು. ತಲೆ ಹಿಂದಕ್ಕೆ ಬಿದ್ದಿತ್ತು, ಬಾಯಿ ದುಂಡಗೆ ತೆರೆದುಕೊಂಡಿತ್ತು, ಹಲ್ಲಿಲ್ಲದ ಮೇಲಿನ ಒಸಡು ಕಾಣುತ್ತಿತ್ತು. ಎರಡೂ ಮುಷ್ಟಿಗಳನ್ನು ಗದ್ದದ ಕೆಳಗೆ ತಂದಿಟ್ಟುಕೊಂಡಿದ್ದಳು. ಗುಂಡಿಗೆ ಬಸ್ಸು ಇಳಿದಾಗಲೆಲ್ಲ ತುಟಿ ಎರಡು ಸಲ ಚಪ್ಪರಿಸಿ, ಮತ್ತೆ ಬಾಯಿ ತೆರೆಯುತ್ತಿದ್ದಳು. ಏಸೋಬು ಸೀಟಿನ ಅಂಚಿಗೆ ಬಂದು, ನಡುದಾರಿಯ ಕಂಬಿ ಹಿಡಿದು, ಮುಂದಕ್ಕೆ ಬಾಗಿ ನೋಡಿದ. ಕಣ್ಣು ಮಿಟುಕಿಸದೆ ನೋಡಿದ. ಕಂಡಕ್ಟರು ಬಂದು ಟಿಕೆಟ್ ಎಂದ, ಇವನು ಕೈಯಿಂದಲೇ ತಡಿ ಎಂದ. ಕಂಡಕ್ಟರೂ ಅವನು ನೋಡುತ್ತಿದ್ದ ಕಡೆ ನೋಡಿ, ಏನೂ ಅರ್ಥವಾಗದೆ ಮುಂದೆ ಹೋದ.

ಬ್ರೇಕು ಬಿದ್ದ ಕುಲುಕಿಗೆ ಸುವಾರ್ತಮ್ಮ ಕಣ್ಣು ಬಿಟ್ಟಳು. ಅಳಿಯನ ಮುಖ ಒಂದು ಮೊಳ ದೂರದಲ್ಲಿತ್ತು.

“ಯಾಕಪ್ಪಾ ಅಂಗ್ ನೋಡ್ತಿದೀಯಾ?” ಎಂದು ಗಾಬರಿಯಿಂದ ಬಾಯಿ ಒರೆಸಿಕೊಂಡಳು.

“ಏನಿಲ್ರಿ ಅತ್ತೀ,” ಎಂದ ಏಸೋಬು, “ಊರು ಇನ್ನೂ ದೂರ ಐತಿ. ಮಲಕ್ಕೊಳ್ರಿ. ಇನ್ನೊಂಚೂರು ಮಲಕ್ಕೊಳ್ರಿ.”